ಒಂದ್ ಹಾಡು ಹಾಕ್ಕೊಡೋಕೆ ಎಷ್ಟೊತ್ತು ಅಂತ ಕೇಳ್ತೀರಲ್ಲ

ನಾನು ಟಿವಿಗೆ ಲ್ಯಾಪ್‌ಟಾಪ್ ಸಿಗಿಸಿ ಗಿಟಾರ್ ಹಿಡ್ಕೊಂಡು ಗೇಮ್ ಆಡ್ತಾ ಕೂತಿರೋದನ್ನ ನೋಡಿದೋರೆಲ್ಲ ಐದೇ ನಿಮಿಷಕ್ಕೆ ಕೇಳೋ ಪ್ರಶ್ನೆ ಇದು: "ಇದ್ರಲ್ಲಿ ಕನ್ನಡ ಹಾಡು ಇದ್ಯಾ? ಇಲ್ದಿದ್ರೆ ಒಂದು ಹಾಕ್ಕೊಡು, ಎಷ್ಟೊತ್ತಾಗುತ್ತೆ?" ಮೊನ್ನೆ ಹಾಸನದಿಂದ ಬಂದ ಅತ್ತೆ ಮಗ ಅಂತೂ ಪೆನ್‌ಡ್ರೈವ್ ಜೇಬಲ್ಲೇ ಇಟ್ಕೊಂಡು ಬಂದಿದ್ದ.

ಗೇಮ್ ಹೆಸರು ರಾಕ್‌ಸ್ಮಿತ್ 2014, ಯೂಬಿಸಾಫ್ಟ್‌ದು (ಹೆಸರಲ್ಲಿ 2014 ಇದ್ರೂ ಬಂದಿದ್ದು 2013ರಲ್ಲಿ). ಆಟದ ಗಿಟಾರ್ ಅಲ್ಲ, ನಿಜವಾದ ಎಲೆಕ್ಟ್ರಿಕ್ ಗಿಟಾರ್‌ನೇ ಒಂದು ಕೇಬಲ್‌ನಲ್ಲಿ ಯುಎಸ್‌ಬಿಗೆ ಸಿಗಿಸ್ಬೇಕು, ಸ್ಕ್ರೀನಲ್ಲಿ ನೋಟ್‌ಗಳು ನಮ್ಮ ಕಡೆಗೆ ತೇಲ್ಕೊಂಡು ಬರುತ್ವೆ, ದಪ್ಪ ತಂತಿಗೆ ಕೆಂಪು, ಅದರ ಪಕ್ಕದ್ದಕ್ಕೆ ಹಳದಿ, ಹೀಗೆ ತಂತಿಗೊಂದು ಬಣ್ಣ. ಹಾಡುಗಳೆಲ್ಲ ಹೆಚ್ಚಾಗಿ ಆ ಕಡೆಯ ರಾಕ್. ಅದಕ್ಕೇ ಆಡೋ ಜನಾನೇ ತಮಗೆ ಬೇಕಾದ ಹಾಡನ್ನ ತಾವೇ ತಯಾರು ಮಾಡೋಕೆ ಶುರು ಮಾಡಿದ್ರು. ಎಡಿಟರ್ ಆನ್ ಫೈರ್ ಅಂತ ಒಂದು ಫ್ರೀ ಸಾಫ್ಟ್‌ವೇರ್ ಇದೆ, ಅದ್ರಲ್ಲಿ ಹಾಡಿನ ಆಡಿಯೋ ಹಾಕಿ, ಒಂದೊಂದು ಬೀಟ್‌ಗೂ ಗೆರೆ ಕೂರಿಸಿ, ಯಾವ ತಂತಿ ಯಾವ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಮನೆ) ಅಂತ ತುಂಬಿ, ಆಮೇಲೆ ಇನ್ನೊಂದು ಟೂಲ್‌ಕಿಟ್‌ನಲ್ಲಿ ಪ್ಯಾಕ್ ಮಾಡಿ ಗೇಮ್‌ನ ಡಿಎಲ್‌ಸಿ (ಆಮೇಲೆ ಸೇರಿಸೋ ಹಾಡುಗಳ) ಫೋಲ್ಡರ್‌ಗೆ ಹಾಕೋದು. ಹೇಳೋಕೆ ಇಷ್ಟೇ.

ಇಂಗ್ಲಿಷ್ ರಾಕ್ ಹಾಡಾದ್ರೆ ಯಾರೋ ಬರೆದಿಟ್ಟ ಗಿಟಾರ್ ಪ್ರೋ ಫೈಲ್ (ಯಾವ ತಂತಿ ಎಲ್ಲಿ ಒತ್ತಬೇಕು ಅಂತ ಬರೆದಿರೋದು) ಸಿಗುತ್ತೆ, ಎರಡು ಸಂಜೆಲಿ ಮುಗಿಯುತ್ತೆ. ನಾನು ಮೊದಲು ಕೈ ಹಾಕಿದ ಹಳೇ ಕನ್ನಡ ಸಿನಿಮಾ ಹಾಡಿಗೆ ಮೂರು ವಾರ ಆಯ್ತು! ತಾಳ ಒಂದೇ ಸಮ ಇರ್ಲಿ ಅಂತ ಕಿವಿಗೆ ಕ್ಲಿಕ್ ಶಬ್ದ ಇಟ್ಕೊಂಡು ರೆಕಾರ್ಡ್ ಮಾಡಿದ್ದಲ್ಲ ಅದು, ಪಲ್ಲವಿಗೆ 96 ಬಿಪಿಎಂ (ನಿಮಿಷಕ್ಕೆ 96 ಬೀಟ್) ಅಂತ ಕೂರಿಸಿದ್ರೆ ಎರಡನೇ ಚರಣಕ್ಕೆ ತಬಲಾ ಖುಷಿಯಾಗಿ 99ಕ್ಕೆ ಹೋಗಿರುತ್ತೆ, ಗೆರೆಗಳೆಲ್ಲ ಜಾರಿಹೋಗಿರುತ್ವೆ, ಮತ್ತೆ ಮೊದಲಿಂದ. ಶ್ರುತಿನೂ ಗಿಟಾರ್ ಟ್ಯೂನ್ ಮಾಡೋ ಮಾಮೂಲಿ ಅಳತೆ 440 ಹರ್ಟ್ಸ್‌ಗೆ ಸರಿಯಾಗಿ ಇರ್ಲಿಲ್ಲ, ಸ್ವಲ್ಪ ಮೇಲೆ, ಅದನ್ನೂ ಟೂಲ್‌ಕಿಟ್‌ನಲ್ಲಿ ಹೇಳ್ಬೇಕು, ಇಲ್ದಿದ್ರೆ ಗೇಮ್‌ನ ಟ್ಯೂನರ್ ಒಂದು ಕಡೆ ಹಾಡು ಒಂದು ಕಡೆ.

ಇಷ್ಟಾದ್ಮೇಲೆ ನೋಡಿದ್ರೆ ಹಾಡಲ್ಲಿ ಲೀಡ್ ಗಿಟಾರೇ ಇಲ್ಲ, ಇರೋದೆಲ್ಲ ಕೊಳಲು, ವಯಲಿನ್. ಸರಿ, ಕೊಳಲಿನ ಬಿಟ್‌ನ ಗಿಟಾರ್‌ಗೆ ತಂದೆ. ಎರಡೇ ಸೆಕೆಂಡಿನ ಬಿಟ್ ಅದು. ಆಷಾಢದ ಮಳೆ, ಚಿಕ್ಕಮಗಳೂರಲ್ಲಿ ಗೊತ್ತಲ್ಲ, ಗಂಟೆಗೊಂದ್ಸಲ ಕರೆಂಟ್ ಹೋಗ್ತಿದೆ, ನಾನು ಅದೇ ಎರಡು ಸೆಕೆಂಡನ್ನ ಅರ್ಧ ಸ್ಪೀಡಲ್ಲಿ ಹಾಕಿ ಹಾಕಿ ಕೇಳ್ತಿದೀನಿ. ಐದನೇ ಫ್ರೆಟ್‌ನಿಂದ ಏಳಕ್ಕೆ ಸ್ಲೈಡ್, ಅಂದ್ರೆ ಬೆರಳು ಜಾರಿಸೋದು, ಅಂತ ಬರೆದೆ. ನುಡಿಸಿದ್ರೆ ಗೇಮ್ ಟಿಕ್ ಹಾಕುತ್ತೆ, ಆದ್ರೆ ಹಾಡಿನ ಥರ ಇಲ್ಲ. ಒಳಗೆ ಕಾಳು ಸುಲಿತಾ ಕೂತಿದ್ದ ಅಮ್ಮ ತಡಿಲಾರ್ದೆ, "ಅಲ್ಲಿ ಜಾರಲ್ಲ ಕಣೋ, ಮೇಲೆ ಒಂಚೂರು ಮುಟ್ಟಿ ವಾಪಸ್ ಬರುತ್ತೆ" ಅಂತ ಗುನುಗಿ ತೋರಿಸಿದ್ರು. ಸ್ಲೈಡ್ ತೆಗೆದು ಹ್ಯಾಮರ್ ಆನ್, ಪುಲ್ ಆಫ್ (ಬೆರಳು ತಟ್ಟಿ ತೆಗೆಯೋದು) ಮಾಡಿದೆ, ಕೂತ್ಕೊಳ್ತು. ಹತ್ತು ವರ್ಷದಿಂದ ಆ ಹಾಡು ಕೇಳ್ತಿದ್ದೆ ನಾನು, ಅದೊಂದು ಮುಟ್ಟೋದು ಕೇಳಿಸಿರಲೇ ಇಲ್ಲ.

ಹಾಗಾಗಿ ಎಷ್ಟೊತ್ತು ಅಂದ್ರೆ, ಹಾಡು ನಿಮಗೆ ಎಷ್ಟು ಕೇಳಿಸಿದೆಯೋ ಅದರ ಮೇಲೆ. ಎಡಿಟರ್ ಕಲಿಯೋದು ಒಂದು ಭಾನುವಾರದ ಕೆಲಸ, ಅದನ್ನ ಬೇಕಾದ್ರೆ ಕೂತು ಹೇಳಿಕೊಡ್ತೀನಿ.

ಫೈಲ್ ಮಾತ್ರ ಕೊಡಲ್ಲ. ಅದರೊಳಗೆ ಪೂರ್ತಿ ಹಾಡೇ ಇರುತ್ತಲ್ಲ, ಅದು ನನ್ನ ಸ್ವತ್ತಲ್ಲ. ನಾನು ಮನೇಲಿ ಮಾಡ್ಕೊಂಡಿದ್ದೂ ನೂರಕ್ಕೆ ನೂರು ಸರಿನಾ ಅಂದ್ರೆ ನಾನೂ ತಲೆ ಕೆರ್ಕೊಳ್ತೀನಿ, ಆದ್ರೆ ಹಂಚೋದು ಬೇಡ. ಅದೂ ಅಲ್ದೆ ಈ ಗೇಮ್ ತಗೊಂಡಿರದೋರು ಫೈಲ್ ಇಟ್ಕೊಂಡು ಏನ್ ಮಾಡ್ತೀರಾ ಹೇಳಿ.

ಅತ್ತೆ ಮಗ ಮುಖ ಊದಿಸ್ಕೊಂಡ, ಆಮೇಲೆ ರಾತ್ರಿ ಹನ್ನೊಂದರ ತನಕ ನಮ್ಮನೇಲೇ ಕೂತು ನುಡಿಸಿ ಹೋದ. ನೀವೂ ಬನ್ನಿ. ಬರೋವಾಗ ಒಂದು ಸೆಟ್ ತಂತಿ ತನ್ನಿ, ಈ ಮಳೆಗೆ ನನ್ನವು ತುಕ್ಕು ಹಿಡಿದಿವೆ.