ಲಂಟಾನ ಕೀಳುವ ಕೆಲಸ ಎಲ್ಲಿಗೆ ಬಂತು

ಕಾಡಂಚಿನಲ್ಲಿ ನಾವು ಲಂಟಾನ ಎಂಬ ಹೊರಗಿನಿಂದ ಬಂದು ಹಬ್ಬಿದ ಮುಳ್ಳಿನ ಕಳೆ ಪೊದೆಯನ್ನು ಕೀಳುತ್ತಿರುವ ಜಾಗ ಒಂದು ಮಳೆಗಾಲ ದಾಟಿದೆ. ತೆರವಾಗಿರುವುದು ಚಿಕ್ಕ ಪಟ್ಟಿಯಷ್ಟೇ. ಆದರೆ ಅಲ್ಲಿ ಮತ್ತೆ ಪೊದೆ ಎದ್ದಿಲ್ಲ. ನನಗೆ ಅದೇ ದೊಡ್ಡ ಸುದ್ದಿ.

ಹೊಸದಾಗಿ ಬಂದವರೆಲ್ಲ ಕೇಳುತ್ತಾರೆ, ಆ ಕಡೆ ಪೊದೆ ಆಳೆತ್ತರ ಬೆಳೆದಿದೆಯಲ್ಲ, ಅದನ್ನು ಬಿಟ್ಟು ಇಲ್ಲಿ ಯಾಕೆ ಶುರು ಮಾಡಿದ್ದೀರಿ ಅಂತ. ಈ ಕ್ರಮ ಸಿಡ್ನಿಯ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಅಕ್ಕತಂಗಿಯರದು. 1960ರ ದಶಕದಲ್ಲಿ ಅವರು ಮನೆ ಹತ್ತಿರದ ಕಾಡಿನಲ್ಲಿ ತಾವೇ ಕಳೆ ಕೀಳುತ್ತಾ ಇದನ್ನು ಕಂಡುಕೊಂಡರು. ಕಾಡು ಚೆನ್ನಾಗಿರುವ ಕಡೆಯಿಂದ ಹೊರಟು ಕೆಟ್ಟಿರುವ ಕಡೆಗೆ ಹೋಗಬೇಕು, ಮಣ್ಣನ್ನು ಆದಷ್ಟು ಕಮ್ಮಿ ಕೆದಕಬೇಕು, ಅಲ್ಲಿನ ಗಿಡಗಳು ಎಷ್ಟು ಬೇಗ ಚೇತರಿಸಿಕೊಳ್ಳುತ್ತವೋ ಅಷ್ಟೇ ವೇಗದಲ್ಲಿ ಮುಂದಕ್ಕೆ ಹೋಗಬೇಕು. ದಟ್ಟ ಪೊದೆಯನ್ನು ಒಂದೇ ಸಲ ಬೋಳಿಸಿದರೆ ಬರಿ ನೆಲಕ್ಕೆ ಬಿಸಿಲು ಬೀಳುತ್ತದೆ, ಆಗ ಮಣ್ಣಲ್ಲಿರುವ ಲಂಟಾನ ಬೀಜವೇ ಮೊದಲು ಮೇಲೇಳುತ್ತದೆ. ಪಕ್ಕದಲ್ಲಿ ಒಳ್ಳೆ ಕಾಡಿದ್ದರೆ ನೆರಳು ಸಿಗುತ್ತದೆ, ಬೇರೆ ಬೀಜಗಳೂ ಬಂದು ಬೀಳುತ್ತವೆ.

ಕೀಳುವ ರೀತಿಯೂ ಮುಖ್ಯ. ಮಚ್ಚಿನಿಂದ ಮೇಲೆ ಮೇಲೆ ಸವರಿದರೆ ಬುಡ ಮತ್ತೆ ಚಿಗುರುತ್ತದೆ, ಸುಟ್ಟರೂ ಅಷ್ಟೇ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಜೊತೆಯವರು ರೂಪಿಸಿದ ವಿಧಾನವನ್ನು ನಾವು ಅನುಸರಿಸುತ್ತಿದ್ದೇವೆ. ಬುಡದ ಮಣ್ಣು ಸ್ವಲ್ಪ ಸರಿಸಿ ನೋಡಿದರೆ ಕಾಂಡ ಮತ್ತು ಬೇರು ಸೇರುವ ಕಡೆ ಕಾಣುತ್ತದೆ, ಚಿಗುರು ಬರುವುದು ಅಲ್ಲಿಂದ. ಅದಕ್ಕಿಂತ ಕೆಳಗೆ, ಅಂದರೆ ನೆಲದಿಂದ 3ರಿಂದ 5 ಸೆಂ.ಮೀ. ಆಳದಲ್ಲಿ ತಾಯಿಬೇರನ್ನು ಗುದ್ದಲಿಯಿಂದ ಕಡಿದು, ಇಡೀ ಪೊದೆಯನ್ನು ಎತ್ತಿ ತಲೆಕೆಳಗು ಮಾಡಿ ಇಡುತ್ತೇವೆ. ಬೇರು ಮೇಲಿದ್ದರೆ ಮತ್ತೆ ನೆಲ ಹಿಡಿಯುವುದಿಲ್ಲ, ಅಲ್ಲೇ ಒಣಗುತ್ತದೆ. ಮುಳ್ಳು ಕೊಕ್ಕೆಯಂತೆ ಬಾಗಿರುವುದರಿಂದ ಬಟ್ಟೆಗೆ ಸಿಕ್ಕಿದರೆ ಬಿಡುವುದಿಲ್ಲ, ಚರ್ಮದ ಗ್ಲೌಸ್ ಬೇಕೇ ಬೇಕು. ಮತ್ತೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ದಯವಿಟ್ಟು ಯಾರೂ ಕಾಡಿಗಿಳಿಯಬೇಡಿ.

ಹಕ್ಕಿಗಳು ಗೂಡು ಕಟ್ಟುವ ಸಮಯದಲ್ಲಿ ಕೆಲಸ ನಿಲ್ಲಿಸುತ್ತೇವೆ. ಪಿಕಳಾರಗಳು ಈ ಪೊದೆಯೊಳಗೂ ಗೂಡು ಕಟ್ಟುತ್ತವೆ. ಲಂಟಾನ ಹಣ್ಣು ತಿಂದು ಮರದಲ್ಲಿ ಕೂತು ಬೀಜ ಉದುರಿಸುವುದೂ ಅವೇ, ಹಾಗಾಗಿ ದೊಡ್ಡ ಮರಗಳ ಕೆಳಗೆ ಸಣ್ಣ ಸಸಿಗಳು ಗುಂಪಾಗಿ ಬಂದಿದ್ದವು. ಮಣ್ಣು ಹಸಿ ಇದ್ದಾಗ ಎರಡು ಬೆರಳಿಂದ ಎಳೆದರೆ ಬೇರುಸಮೇತ ಬರುತ್ತವೆ. ಈ ಮಳೆಗಾಲ ಪೂರ್ತಿ ಮಾಡಿದ್ದು ಇದೇ. ಫೋಟೋಗೆ ಚಂದ ಕಾಣುವ ಕೆಲಸ ಇದಲ್ಲ, ಆದರೆ ಇದನ್ನು ಬಿಟ್ಟರೆ ಮೊದಲು ಪಟ್ಟ ಕಷ್ಟವೆಲ್ಲ ನೀರಲ್ಲಿ ಹೋಮ ಮಾಡಿದಂತೆ.

ತೆರವಾದ ಕಡೆ ಮೊದಲು ಹುಲ್ಲು ಬಂತು. ಪೊದೆಯ ಕತ್ತಲಲ್ಲಿ ಸಿಕ್ಕಿಕೊಂಡಿದ್ದ ಒಂದು ನೆಲ್ಲಿ ಸಸಿ ಬೆಳಕು ಹುಡುಕಿಕೊಂಡು ಪೂರ್ತಿ ಓರೆಯಾಗಿ ಬೆಳೆದಿತ್ತು, ಕಡ್ಡಿಯಷ್ಟು ಸಣ್ಣ ಕಾಂಡ. ಈಗ ಅದರ ತುದಿ ಬಾಗಿ ನೇರ ಮೇಲಕ್ಕೆ ತಿರುಗಿದೆ, ಹೊಸ ಎಲೆ ಬಿಟ್ಟಿದೆ. ಎಷ್ಟು ಖುಷಿ ಆಯಿತು ಗೊತ್ತಾ! ಇಲ್ಲಿ ನಾಲ್ಕು ಗಿಡ ತಂದು ನೆಡೋಣ ಅಂತ ಸುಮಾರು ಜನ ಹೇಳುತ್ತಾರೆ. ಸದ್ಯಕ್ಕೆ ಬೇಡ. ನೆಲದಲ್ಲಿ ಏನಿದೆ ಅಂತ ಮೊದಲು ನೋಡೋಣ ಅಲ್ವಾ? ಒಂದೇ ಬಂಡೆಯ ಮೇಲೆ ನಿಂತು ಒಂದೇ ದಿಕ್ಕಿಗೆ ಫೋಟೋ ತೆಗೆಯುತ್ತಾ ಬಂದಿದ್ದೇವೆ, ಗುರುತು ಸಿಗದ ಸಸಿಗಳ ಫೋಟೋಗಳನ್ನು, ಗಿಡ-ಪ್ರಾಣಿಗಳನ್ನು ಗುರುತಿಸಲು ನೆರವಾಗುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕುತ್ತಿದ್ದೇವೆ.

ಮುಂದಿನ ಮಳೆಯವರೆಗೆ ಹೊಸ ಜಾಗಕ್ಕೆ ಕೈ ಹಾಕುವುದಿಲ್ಲ. ಇದೇ ಪಟ್ಟಿಯ ಅಂಚಿನಲ್ಲಿ ಉಳಿದಿರುವ ಪೊದೆಗಳನ್ನು ಹಣ್ಣು ಬಿಡುವ ಮೊದಲೇ ತೆಗೆಯಬೇಕು. ಬರುವವರು ಗ್ಲೌಸ್, ಉದ್ದ ತೋಳಿನ ಅಂಗಿ, ಕುಡಿಯುವ ನೀರು ತನ್ನಿ. ಗುದ್ದಲಿ ನಮ್ಮ ಹತ್ತಿರ ಇದೆ.