ಓಡುವ ಪ್ರೋಗ್ರಾಂ, ನಿಲ್ಲದ ಡೀಬಗರ್

ವಿಎಸ್ ಕೋಡ್ ಎಂಬ ಕೋಡ್ ಎಡಿಟರಿನಲ್ಲಿ ಎಫ್5 ಒತ್ತಿದರೆ ಪ್ರೋಗ್ರಾಂ ಓಡುತ್ತಿತ್ತು. ಟರ್ಮಿನಲ್‌ನಲ್ಲಿ ಅದರ ಸಾಲುಗಳು ಒಂದರ ಹಿಂದೊಂದು ಮೂಡಿ, ಕೆಲಸ ಮುಗಿದು, ಕರ್ಸರ್ ಮತ್ತೆ ಖಾಲಿ ಸಾಲಿಗೆ ಬಂದು ನಿಲ್ಲುತ್ತಿತ್ತು. ಆದರೆ ನಡುವೆ ಎಲ್ಲಿಯೂ ಅದನ್ನು ತಡೆದು ನಿಲ್ಲಿಸಲು ಆಗುತ್ತಿರಲಿಲ್ಲ. ಸಾಲಿನ ಸಂಖ್ಯೆಯ ಎಡಬದಿಯಲ್ಲಿ ಎಷ್ಟು ಕ್ಲಿಕ್ ಮಾಡಿದರೂ, ಈ ಸಾಲಿನಲ್ಲಿ ನಿಲ್ಲು ಎಂದು ಹೇಳುವ ಬ್ರೇಕ್‌ಪಾಯಿಂಟಿನ ಕೆಂಪು ಚುಕ್ಕಿ ಮೂಡುತ್ತಿರಲಿಲ್ಲ; ಎಡಿಟರ್‌ನ ಬಲ ಮೇಲ್ತುದಿಯಲ್ಲಿ ಇರಬೇಕಾದ ತ್ರಿಕೋನಾಕಾರದ ರನ್ ಬಟನ್ ಇರಲಿಲ್ಲ; ಡೀಬಗ್ ಟೂಲ್‌ಬಾರ್ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಮಾಯವಾಗುತ್ತಿತ್ತು. ನಮ್ಮ ತಂಡಕ್ಕೆ ಹೊಸದಾಗಿ ಸೇರಿದ್ದ ಸಹೋದ್ಯೋಗಿಯೊಬ್ಬರು ತಮ್ಮ ವಿಎಸ್ ಕೋಡ್‌ನ ಈ ಸ್ಥಿತಿಯನ್ನು ತೋರಿಸಿ, "ಸರ್, ಪ್ರೋಗ್ರಾಂ ಓಡುತ್ತೆ, ಆದ್ರೆ ಎಲ್ಲೂ ನಿಲ್ಲಲ್ಲ. ಇದೇ ಕೋಡ್ ನಿಮ್ಮ ಕಂಪ್ಯೂಟರ್‌ನಲ್ಲಿ ನಿಲ್ಲುತ್ತಲ್ಲ?" ಎಂದು ಕೇಳಿದರು. ಅದು ನಿಜವಾಗಿತ್ತು. ಒಂದೇ ರೆಪಾಸಿಟರಿಯ ಒಂದೇ ಬ್ರಾಂಚ್, ಎಡಿಟರಿಗೆ ಸೇರಿಸಿಕೊಳ್ಳುವ ಅವೇ ಎಕ್ಸ್‌ಟೆನ್ಷನ್‌ಗಳು, ಪೈಥಾನ್ ಭಾಷೆಯ ಅದೇ ಆವೃತ್ತಿ; ನನ್ನಲ್ಲಿ ಎಲ್ಲ ಸರಿಯಾಗಿತ್ತು, ಅವರಲ್ಲಿ ಮೂರು ನಿಯಂತ್ರಣಗಳೂ ಕೈಕೊಟ್ಟಿದ್ದವು.

ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ದೋಷ ಹುಡುಕಲು ನೆರವಾಗುವ ಡೀಬಗರ್ ಅವರಿಗೆ ಬೇಕಾಗಿದ್ದುದು ಒಂದು ತುರ್ತಿನ ಕೆಲಸಕ್ಕೆ. ದಿನದ ವ್ಯವಹಾರಗಳ ವರದಿಯನ್ನು ಬರೆಯುವ ಪ್ರೋಗ್ರಾಂ ಕೆಲವು ದಿನ ಪೂರ್ಣ ವರದಿಯನ್ನು ಕೊಟ್ಟು, ಕೆಲವು ದಿನ ಕೊನೆಯ ಒಂದಿಷ್ಟು ಸಾಲುಗಳನ್ನು ಕೈಬಿಡುತ್ತಿತ್ತು. ಆವರೆಗೆ ಅವರು ಅಲ್ಲಲ್ಲಿ ಬೆಲೆಗಳನ್ನು ಪರದೆಯ ಮೇಲೆ ತೋರಿಸುವ ಪ್ರಿಂಟ್ ಹಾಕಿಕೊಂಡು ಹುಡುಕಿದ್ದರು. ಪ್ರಿಂಟ್ ಹಾಕುವುದನ್ನು ನಾನು ಕೀಳಾಗಿ ಕಾಣುವವನಲ್ಲ. ಆದರೆ ಏನನ್ನು ನೋಡಬೇಕೆಂಬುದು ಮೊದಲೇ ಗೊತ್ತಿದ್ದರೆ ಮಾತ್ರ ಅದು ನೆರವಿಗೆ ಬರುತ್ತದೆ. ಏನು ತಪ್ಪಿದೆಯೆಂದೇ ತಿಳಿಯದಿರುವಾಗ ಪ್ರೋಗ್ರಾಮನ್ನು ಒಂದು ಸಾಲಿನಲ್ಲಿ ನಿಲ್ಲಿಸಿ, ಆ ಕ್ಷಣದಲ್ಲಿ ಯಾವ ವೇರಿಯಬಲ್‌ನಲ್ಲಿ ಏನಿದೆಯೆಂದು ಸಾವಧಾನವಾಗಿ ನೋಡುವುದಕ್ಕೆ ಬದಲಿ ಇಲ್ಲ. ಹಾಗಾಗಿ ವರದಿಯ ದೋಷವನ್ನು ಬದಿಗಿಟ್ಟು, ಮೊದಲು ಡೀಬಗರನ್ನೇ ಸರಿಪಡಿಸೋಣವೆಂದು ಇಬ್ಬರೂ ಕುಳಿತೆವು.

ಸಾಮಾನ್ಯವಾಗಿ ಕಾಡುವ ಕಾರಣಗಳನ್ನು ಬೇಗನೆ ಪರೀಕ್ಷಿಸಿ ಮುಗಿಸಿದೆವು. 2021ರ ಮೇ ತಿಂಗಳ ಆವೃತ್ತಿಯಿಂದ ವಿಎಸ್ ಕೋಡ್‌ನಲ್ಲಿ, ನಾವು ನಂಬಿದ್ದೇವೆಂದು ಹೇಳದ ಫೋಲ್ಡರ್ ನಿರ್ಬಂಧಿತ ಸ್ಥಿತಿಯಲ್ಲಿ ತೆರೆದುಕೊಳ್ಳುತ್ತದೆ, ಮತ್ತು ಆ ಸ್ಥಿತಿಯಲ್ಲಿ ಡೀಬಗ್ ಮಾಡಲು ಬಿಡುವುದಿಲ್ಲ. ಆದರೆ ಈ ಫೋಲ್ಡರನ್ನು ಅವರು ಮೊದಲೇ ನಂಬಿಕೆಯ ಪಟ್ಟಿಗೆ ಸೇರಿಸಿದ್ದರು. ಬ್ರೇಕ್‌ಪಾಯಿಂಟ್‌ಗಳನ್ನೆಲ್ಲ ಒಟ್ಟಿಗೆ ನಿಷ್ಕ್ರಿಯಗೊಳಿಸುವ ಬಟನ್ ಒತ್ತಿರಲಿಲ್ಲ. ಚುಕ್ಕಿ ಮೂಡುವ ಎಡ ಅಂಚನ್ನೇ ಮರೆಮಾಡುವ ಸೆಟ್ಟಿಂಗ್ ಒಂದಿದೆ, ಅದೂ ಸರಿಯಾಗಿತ್ತು. ಡೀಬಗರನ್ನು ಹೇಗೆ ಆರಂಭಿಸಬೇಕೆಂದು ಹೇಳುವ ಲಾಂಚ್ ಜೇಸನ್ ಫೈಲಿನಲ್ಲಿ ಡೀಬಗರ್‌ನ ಬಗೆ ಡೀಬಗ್‌ಪೈ (ಪೈಥಾನಿನ ಡೀಬಗರ್) ಎಂದೂ, ಓಡಿಸಬೇಕಾದದ್ದು ಈಗ ತೆರೆದಿರುವ ಫೈಲ್ ಎಂದೂ ಬರೆದಿತ್ತು. ಲೈಬ್ರರಿಗಳ ಕೋಡ್‌ನೊಳಗೆ ಹೋಗದಂತೆ ತಡೆಯುವ ಆಯ್ಕೆ ಡೀಬಗ್‌ಪೈಯಲ್ಲಿ ತಾನಾಗಿಯೇ ಚಾಲೂ ಇರುತ್ತದೆ, ಆದರೆ ನಾವು ನಿಲ್ಲಿಸಬೇಕಾಗಿದ್ದುದು ನಮ್ಮದೇ ಕೋಡ್‌ನಲ್ಲಿ. ವಿಂಡೋವನ್ನು ರೀಲೋಡ್ ಮಾಡಿದರೂ ಏನೂ ಬದಲಾಗಲಿಲ್ಲ.

ಇಲ್ಲಿಗೆ ಬಂದಾಗ ಅನೇಕರು ಎಕ್ಸ್‌ಟೆನ್ಷನ್ ತೆಗೆದು ಮತ್ತೆ ಹಾಕುತ್ತಾರೆ, ಅದರಿಂದಲೂ ಆಗದಿದ್ದರೆ ಎಡಿಟರನ್ನೇ ತೆಗೆದು ಮತ್ತೆ ಹಾಕುತ್ತಾರೆ. ಆ ದಾರಿ ನನಗೆ ಒಗ್ಗುವುದಿಲ್ಲ. ಅದರಿಂದ ತೊಂದರೆ ಹೋದರೂ ಕಾರಣ ತಿಳಿಯುವುದಿಲ್ಲ, ಮತ್ತು ಕಾರಣ ತಿಳಿಯದೆ ಹೋದ ತೊಂದರೆ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಮತ್ತೆ ತಲೆಯೆತ್ತುತ್ತದೆ. ಅದಕ್ಕಿಂತ ಈ ನಿಯಂತ್ರಣಗಳ ಹಿಂದೆ ಏನು ನಡೆಯುತ್ತದೆಯೆಂಬುದನ್ನು ಒಮ್ಮೆ ಸಹೋದ್ಯೋಗಿಯ ಮುಂದೆ ಬಿಡಿಸಿಟ್ಟು, ಸರಪಳಿ ಎಲ್ಲಿ ಕಡಿದಿದೆಯೆಂದು ಹುಡುಕುವುದು ಉತ್ತಮವೆನಿಸಿತು.

ವಿಎಸ್ ಕೋಡ್ ತಾನಾಗಿ ಪೈಥಾನ್ ಪ್ರೋಗ್ರಾಮನ್ನು ನಿಲ್ಲಿಸಬಲ್ಲ ಸಾಧನವಲ್ಲ. ಅದಕ್ಕೆ ಪೈಥಾನ್ ಬರುವುದೂ ಇಲ್ಲ, ಜಾವಾ ಬರುವುದೂ ಇಲ್ಲ. ಪ್ರತಿ ಭಾಷೆಗೂ ಡೀಬಗ್ ಅಡಾಪ್ಟರ್ ಎಂಬ ಪ್ರತ್ಯೇಕ ಪ್ರೋಗ್ರಾಂ ಇರುತ್ತದೆ. ಎಡಿಟರ್ ಮತ್ತು ಆ ಅಡಾಪ್ಟರ್ ಡೀಬಗ್ ಅಡಾಪ್ಟರ್ ಪ್ರೋಟೋಕಾಲ್ ಎಂಬ ಒಪ್ಪಿತ ನಿಯಮದಂತೆ, ಜೇಸನ್ ಎಂಬ ಪಠ್ಯರೂಪದ ಸಂದೇಶಗಳಲ್ಲಿ ಮಾತನಾಡಿಕೊಳ್ಳುತ್ತವೆ. ನಾವು ಎಫ್5 ಒತ್ತಿದಾಗ ಎಡಿಟರ್ ಮೊದಲು ಅಡಾಪ್ಟರನ್ನು ಎಬ್ಬಿಸುತ್ತದೆ, ಪ್ರೋಗ್ರಾಮನ್ನು ಆರಂಭಿಸುವಂತೆ ಕೇಳುತ್ತದೆ, ಯಾವ ಫೈಲಿನ ಯಾವ ಯಾವ ಸಾಲುಗಳಲ್ಲಿ ನಿಲ್ಲಬೇಕೆಂಬ ಪಟ್ಟಿಯನ್ನು ಕಳಿಸುತ್ತದೆ. ಅಡಾಪ್ಟರ್ ಆ ಪಟ್ಟಿಯ ಪ್ರತಿ ಬ್ರೇಕ್‌ಪಾಯಿಂಟಿಗೂ ಇದು ಸಾಧ್ಯ ಅಥವಾ ಸಾಧ್ಯವಿಲ್ಲವೆಂದು ಉತ್ತರಿಸುತ್ತದೆ. ಸಾಧ್ಯವಿಲ್ಲವೆಂಬ ಉತ್ತರ ಬಂದರೆ ಕೆಂಪು ಚುಕ್ಕಿ ಬೂದುಬಣ್ಣದ ಪೊಳ್ಳು ವೃತ್ತವಾಗಿ ಬದಲಾಗುತ್ತದೆ. ಮುಂದೆ ಪ್ರೋಗ್ರಾಂ ಆ ಸಾಲಿಗೆ ಬಂದಾಗ, ನಿಂತಿದ್ದೇನೆ ಎಂಬ ಸಂದೇಶ ಅಡಾಪ್ಟರ್‌ನಿಂದ ಬರುತ್ತದೆ. ಆಗ ಎಡಿಟರ್ ಸ್ಟಾಕ್ (ಯಾವ ಫಂಕ್ಷನ್ ಯಾವುದನ್ನು ಕರೆದಿದೆಯೆಂಬ ಸರಣಿ), ಸ್ಕೋಪ್ (ಹೆಸರುಗಳು ಅನ್ವಯಿಸುವ ವ್ಯಾಪ್ತಿ), ವೇರಿಯಬಲ್‌ಗಳನ್ನು ಒಂದೊಂದಾಗಿ ಕೇಳಿ ಪಡೆದು ಎಡಗಡೆಯ ಫಲಕದಲ್ಲಿ ತೋರಿಸುತ್ತದೆ.

ಇಷ್ಟು ತಿಳಿದಿದ್ದರೆ ಲಕ್ಷಣಗಳು ತಾವೇ ಮಾತನಾಡತೊಡಗುತ್ತವೆ. ಇಲ್ಲಿ ಬೂದು ವೃತ್ತ ಕಾಣುತ್ತಿರಲಿಲ್ಲ, ಚುಕ್ಕಿಯೇ ಹುಟ್ಟುತ್ತಿರಲಿಲ್ಲ. ಅಡಾಪ್ಟರ್ ಬೇಡವೆಂದದ್ದಲ್ಲ, ಅದರವರೆಗೆ ಪ್ರಶ್ನೆಯೇ ಹೋಗುತ್ತಿಲ್ಲ. ಅದನ್ನು ಖಚಿತಪಡಿಸಿಕೊಳ್ಳಲು ಒಂದು ನೇರವಾದ ಪರೀಕ್ಷೆಯಿದೆ. 2018ರಲ್ಲಿ ಬಂದ ಪೈಥಾನ್ 3.7ರಿಂದ ಬ್ರೇಕ್‌ಪಾಯಿಂಟ್ ಎಂಬ ಹೆಸರಿನ ಫಂಕ್ಷನ್ ಭಾಷೆಯೊಳಗೇ ಇದೆ. ಅದನ್ನು ಕೋಡ್‌ನ ಒಂದು ಸಾಲಿನಲ್ಲಿ ಬರೆದರೆ, ಎಡಿಟರಿನಲ್ಲಿ ಚುಕ್ಕಿ ಇರಲಿ ಬಿಡಲಿ, ಡೀಬಗರ್ ಜೋಡಣೆಗೊಂಡಿದ್ದರೆ ಪ್ರೋಗ್ರಾಂ ಅಲ್ಲಿ ನಿಲ್ಲಲೇಬೇಕು. ಫೈಲಿನ ನಡುವೆ ಅದನ್ನು ಬರೆದು ಎಫ್5 ಒತ್ತಿಸಿದೆ. ಪ್ರೋಗ್ರಾಂ ನಿಂತಿತು. ಸಾಲು ಹಳದಿಯಾಯಿತು, ಟೂಲ್‌ಬಾರ್ ಸ್ಥಿರವಾಗಿ ನಿಂತುಕೊಂಡಿತು, ಮುಂದುವರಿಸುವ, ಸಾಲು ದಾಟುವ, ಒಳಹೊಗುವ, ಹೊರಬರುವ ಬಟನ್‌ಗಳೆಲ್ಲ ಕೆಲಸ ಮಾಡಿದವು.

ಆ ಒಂದು ಪರೀಕ್ಷೆಯಿಂದ ಹುಡುಕಾಟದ ಕ್ಷೇತ್ರ ಅರ್ಧಕ್ಕಿಂತ ಕಡಿಮೆಯಾಯಿತು. ಟೂಲ್‌ಬಾರ್ ಮಾಯವಾಗುತ್ತಿದ್ದುದು ಪ್ರತ್ಯೇಕ ದೋಷವೇ ಅಲ್ಲ. ನಿಲ್ಲಲು ಕಾರಣವಿಲ್ಲದ ಪ್ರೋಗ್ರಾಂ ಬೇಗ ಮುಗಿದುಹೋದದ್ದರಿಂದ ಅದೂ ಹೋಗುತ್ತಿತ್ತು. ಅಡಾಪ್ಟರ್, ಪೈಥಾನ್, ಲಾಂಚ್ ಜೇಸನ್ ಇವೆಲ್ಲ ಆರೋಗ್ಯವಾಗಿವೆ. ತೊಂದರೆ ಇರುವುದು ಎಡಿಟರ್ ಈ ಫೈಲನ್ನು ಹೇಗೆ ನೋಡುತ್ತಿದೆಯೆಂಬುದರಲ್ಲಿ.

ಇದಾದ ಮೇಲೆ ಸಹೋದ್ಯೋಗಿಯೇ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ಯಾವ ಫೈಲಿನಲ್ಲಾದರೂ ಬ್ರೇಕ್‌ಪಾಯಿಂಟ್ ಇಡಲು ಬಿಡುವ ಆಯ್ಕೆಯೊಂದನ್ನು ಕಂಡುಹಿಡಿದರು. ಅದನ್ನು ಚಾಲೂ ಮಾಡಿದ ಕೂಡಲೇ ಕೆಂಪು ಚುಕ್ಕಿ ಮೂಡಿತು, ಪ್ರೋಗ್ರಾಂ ಅಲ್ಲಿ ನಿಂತಿತು. ಅವರ ಮುಖ ಅರಳಿತು. ಕೆಲಸ ಆಯಿತಲ್ಲ, ಮುಂದೆ ಹೋಗೋಣವೇ ಎಂದು ಕೇಳಿದರು. ಅದು ಒಳ್ಳೆಯ ಶೋಧವೇ ಆಗಿತ್ತು, ಆದರೆ ಅದನ್ನು ಪರಿಹಾರವೆಂದು ಒಪ್ಪಲು ನನ್ನ ಮನಸ್ಸು ಬರಲಿಲ್ಲ. ರನ್ ಬಟನ್ ಇನ್ನೂ ಇರಲಿಲ್ಲ. ಅಲ್ಲದೆ ಪೈಥಾನ್ ಫೈಲಿನಲ್ಲಿ ಬ್ರೇಕ್‌ಪಾಯಿಂಟ್ ಇಡಲು ವಿಶೇಷ ಅನುಮತಿ ಏಕೆ ಬೇಕಾಯಿತು? ಆ ಆಯ್ಕೆಯಿಂದ ಚುಕ್ಕಿ ಬಂದಿತೆಂದರೆ, ಅದಿಲ್ಲದಾಗ ಈ ಫೈಲ್ ಬ್ರೇಕ್‌ಪಾಯಿಂಟಿಗೆ ಅರ್ಹವಲ್ಲದ ಜಾತಿಯದೆಂದು ಎಡಿಟರ್ ಎಣಿಸುತ್ತಿದೆಯೆಂದು ಅರ್ಥ. ಹೀಗೆ ಅವರ ಶೋಧವೇ ನಮ್ಮ ಮುಂದಿನ ಹೆಜ್ಜೆಗೆ ದಾರಿ ತೋರಿಸಿತು.

ಎಡಿಟರಿನ ಬಟನ್‌ಗಳು ಕಾಣುವುದೂ ಮರೆಯಾಗುವುದೂ ಆಕಸ್ಮಿಕವಲ್ಲ. ಪ್ರತಿ ಬಟನ್‌ಗೂ ಅದನ್ನು ಸೇರಿಸಿದ ಎಕ್ಸ್‌ಟೆನ್ಷನ್ ಒಂದು ಷರತ್ತನ್ನು ಬರೆದಿರುತ್ತದೆ. ಪೈಥಾನ್ ಫೈಲಿನ ರನ್ ಬಟನ್‌ಗೆ ಇರುವ ಮುಖ್ಯ ಷರತ್ತು ತೆರೆದಿರುವ ಫೈಲಿನ ಭಾಷೆ ಪೈಥಾನ್ ಆಗಿರಬೇಕೆಂಬುದು. ಎರಡು ಆವೃತ್ತಿಗಳನ್ನು ಹೋಲಿಸುವ ನೋಟದಲ್ಲಿ ಫೈಲ್ ತೆರೆದಿರಬಾರದೆಂಬುದು ಇನ್ನೊಂದು. ಆದ್ದರಿಂದ ಬಟನ್ ಎಲ್ಲಿ ಹೋಯಿತೆಂದು ಕೇಳುವುದಕ್ಕಿಂತ, ಅದರ ಯಾವ ಷರತ್ತು ಈಗ ಸುಳ್ಳಾಗಿದೆಯೆಂದು ಕೇಳುವುದು ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡುವ ಕಮಾಂಡ್ ವಿಎಸ್ ಕೋಡ್‌ನಲ್ಲೇ ಇದೆ, ಆದರೆ ಹೆಚ್ಚಿನವರು ಅದನ್ನು ಬಳಸಿದ್ದನ್ನು ನಾನು ಕಂಡಿಲ್ಲ. ಕಮಾಂಡ್ ಪ್ಯಾಲೆಟ್ ತೆರೆದು, ಡೆವಲಪರ್ ಗುಂಪಿನ ಇನ್‌ಸ್ಪೆಕ್ಟ್ ಕಾಂಟೆಕ್ಸ್ಟ್ ಕೀಸ್ ಎಂಬುದನ್ನು ಆರಿಸಿ, ಎಡಿಟರಿನ ಮೇಲೆ ಕ್ಲಿಕ್ ಮಾಡಿದರೆ, ಆ ಜಾಗಕ್ಕೆ ಅನ್ವಯಿಸುವ ಎಲ್ಲ ಷರತ್ತುಗಳ ಬೆಲೆಗಳು ಡೆವಲಪರ್ ಟೂಲ್ಸ್‌ನ ಕನ್ಸೋಲ್‌ನಲ್ಲಿ ಉದ್ದನೆಯ ಪಟ್ಟಿಯಾಗಿ ಬೀಳುತ್ತವೆ. ಆ ಪಟ್ಟಿಯಲ್ಲಿ ಫೈಲಿನ ಭಾಷೆಯನ್ನು ಹುಡುಕಿದೆವು. ಪೈಥಾನ್ ಇರಬೇಕಾದ ಕಡೆ ಪ್ಲೇನ್ ಟೆಕ್ಸ್ಟ್ ಎಂದಿತ್ತು.

ಫೈಲಿನ ಹೆಸರು ಪಿವೈ ಎಂದೇ ಕೊನೆಗೊಳ್ಳುತ್ತಿತ್ತು, ಆದರೂ ಎಡಿಟರಿನ ಪಾಲಿಗೆ ಅದು ಬರಿಯ ಪಠ್ಯ. ಬೇರೆ ಕಂಪ್ಯೂಟರಿನಲ್ಲಾಗಿದ್ದರೆ ಇದು ಕಣ್ಣಿಗೆ ಹೊಡೆದು ಕಾಣುತ್ತಿತ್ತು, ಏಕೆಂದರೆ ಪ್ಲೇನ್ ಟೆಕ್ಸ್ಟ್ ಆದ ಫೈಲಿನಲ್ಲಿ ಕೋಡ್‌ಗೆ ಬಣ್ಣಗಳು ಇರುವುದಿಲ್ಲ, ಮತ್ತು ಕೆಳಗಿನ ಸ್ಟೇಟಸ್ ಬಾರ್‌ನ ಬಲತುದಿಯಲ್ಲಿ ಭಾಷೆಯ ಹೆಸರು ಬರೆದೇ ಇರುತ್ತದೆ. ಆದರೆ ಈ ಸಹೋದ್ಯೋಗಿ ಕಣ್ಣಿಗೆ ಹಿತವೆಂದು ಬಣ್ಣಗಳೇ ಹೆಚ್ಚಿಲ್ಲದ ಥೀಮ್ ಬಳಸುತ್ತಿದ್ದರು, ಚಿಕ್ಕ ಪರದೆಯಲ್ಲಿ ಜಾಗ ಉಳಿಯಲೆಂದು ಸ್ಟೇಟಸ್ ಬಾರ್ ಅನ್ನು ಮರೆಮಾಡಿಕೊಂಡಿದ್ದರು. ಎರಡೂ ಅವರವರ ಅನುಕೂಲಕ್ಕೆ ಮಾಡಿಕೊಳ್ಳುವ ನ್ಯಾಯವಾದ ಆಯ್ಕೆಗಳೇ. ಸುಳಿವು ಕೊಡಬಹುದಾಗಿದ್ದ ಎರಡು ಜಾಗಗಳೂ ಒಟ್ಟಿಗೆ ಮುಚ್ಚಿಹೋದದ್ದು ಕಾಕತಾಳೀಯ.

ಇನ್ನು ಉಳಿದದ್ದು ಪೈಥಾನ್ ಫೈಲ್ ಪ್ಲೇನ್ ಟೆಕ್ಸ್ಟ್ ಆದದ್ದು ಹೇಗೆಂಬ ಪ್ರಶ್ನೆ, ಮತ್ತು ಅದು ಅವರಲ್ಲಿ ಮಾತ್ರ ಏಕೆಂಬುದು. ಯಾವ ಫೈಲನ್ನು ಯಾವ ಭಾಷೆಯದೆಂದು ತಿಳಿಯಬೇಕೆಂದು ಹೇಳುವ ಸೆಟ್ಟಿಂಗ್ ಪ್ರಾಜೆಕ್ಟಿನ ಸೆಟ್ಟಿಂಗ್ಸ್ ಫೈಲಿನಲ್ಲಿ ಸಿಕ್ಕಿತು. ಟೆಂಪ್ಲೇಟ್ಸ್ ಎಂಬ ಹೆಸರಿನ ಫೋಲ್ಡರ್ ಎಲ್ಲಿದ್ದರೂ ಅದರೊಳಗಿನ ಎಲ್ಲ ಫೈಲುಗಳೂ ಪ್ಲೇನ್ ಟೆಕ್ಸ್ಟ್ ಎಂದು ಅಲ್ಲಿ ಬರೆದಿತ್ತು. ಅದಕ್ಕೊಂದು ಕಾರಣವೂ ಇತ್ತು: ನಮ್ಮ ಪ್ರಾಜೆಕ್ಟಿನಲ್ಲಿ ಗ್ರಾಹಕರಿಗೆ ಹೋಗುವ ಮೇಲ್‌ಗಳ ಎಚ್‌ಟಿಎಂಎಲ್ ಮಾದರಿಗಳು ಟೆಂಪ್ಲೇಟ್ಸ್ ಫೋಲ್ಡರಿನಲ್ಲಿವೆ, ಸೇವ್ ಮಾಡಿದಾಗಲೆಲ್ಲ ಕೋಡನ್ನು ಓರಣಗೊಳಿಸುವ ಫಾರ್ಮ್ಯಾಟರ್ ಅವುಗಳ ಖಾಲಿ ಜಾಗಗಳನ್ನು ಕಲಕಿಬಿಡುತ್ತಿದ್ದುದರಿಂದ, ಅದು ಮುಟ್ಟದಿರಲೆಂದು ಹಿಂದೆ ತಂಡದಲ್ಲಿದ್ದವರು ಈ ಸಾಲನ್ನು ಸೇರಿಸಿದ್ದರು. ಆದರೆ ವರದಿಯ ಫೈಲ್ ಆ ಫೋಲ್ಡರಿನಲ್ಲಿ ಇರಲಿಲ್ಲ. ಅದೇ ಸೆಟ್ಟಿಂಗ್ ನನ್ನ ಕಂಪ್ಯೂಟರಿನಲ್ಲೂ ಇತ್ತು, ಅಲ್ಲಿ ಅದು ಯಾರ ತಂಟೆಗೂ ಹೋಗಿರಲಿಲ್ಲ.

ಒಗಟು ಬಿಡಿಸಿದ್ದು ಫೈಲಿನ ಪೂರ್ಣ ಪಾತ್, ಅಂದರೆ ಡಿಸ್ಕಿನ ಬುಡದಿಂದ ಫೈಲಿನವರೆಗಿನ ಫೋಲ್ಡರುಗಳ ಸಾಲು. ಈ ಸೆಟ್ಟಿಂಗಿನಲ್ಲಿ ಫೈಲುಗಳನ್ನು ಗುರುತಿಸಲು ಬರೆಯುವ ಪ್ಯಾಟರ್ನಿನೊಳಗೆ ಓರೆಗೆರೆ ಇಲ್ಲದಿದ್ದರೆ ಎಡಿಟರ್ ಅದನ್ನು ಫೈಲಿನ ಹೆಸರಿನೊಂದಿಗೆ ಮಾತ್ರ ಹೋಲಿಸುತ್ತದೆ. ಓರೆಗೆರೆ ಇದ್ದರೆ ಪೂರ್ಣ ಪಾತ್‌ನೊಂದಿಗೆ ಹೋಲಿಸುತ್ತದೆ. ಹೋಲಿಕೆ ಪ್ರಾಜೆಕ್ಟಿನ ಮೊದಲ ಫೋಲ್ಡರಿನಿಂದ ಶುರುವಾಗುವುದಿಲ್ಲ, ಡಿಸ್ಕಿನ ಬುಡದಿಂದಲೇ ಶುರುವಾಗುತ್ತದೆ. ಸಹೋದ್ಯೋಗಿಗೆ ಮುಂದಿನ ಕೆಲಸಗಳಿಗೆ ಮಾದರಿಯಾಗಬಲ್ಲ ಪ್ರಾಜೆಕ್ಟುಗಳನ್ನೆಲ್ಲ ಒಂದೇ ಕಡೆ ಇಟ್ಟುಕೊಳ್ಳುವ ಅಭ್ಯಾಸವಿತ್ತು, ಮತ್ತು ಆ ತಾಯಿ ಫೋಲ್ಡರಿಗೆ ಅವರು ಇಟ್ಟಿದ್ದ ಹೆಸರು ಟೆಂಪ್ಲೇಟ್ಸ್. ನಮ್ಮ ಪ್ರಾಜೆಕ್ಟನ್ನು ಅದರೊಳಗೆ ಕ್ಲೋನ್ ಮಾಡಿ (ನಕಲಿಸಿ) ಇಟ್ಟುಕೊಂಡಿದ್ದರು. ಹಾಗಾಗಿ ಪ್ರಾಜೆಕ್ಟಿನ ಒಂದೊಂದು ಫೈಲೂ, ಲಾಂಚ್ ಜೇಸನ್ ಸೇರಿದಂತೆ, ಆ ಷರತ್ತಿಗೆ ಸಿಕ್ಕಿ ಪ್ಲೇನ್ ಟೆಕ್ಸ್ಟ್ ಆಗಿತ್ತು. ಡೀಬಗರನ್ನು ಆರಂಭಿಸುವಾಗ ಲಾಂಚ್ ಜೇಸನ್ ಹೇಳಿದ ಬಗೆಯನ್ನಷ್ಟೇ ನೋಡುವುದರಿಂದ ಎಫ್5 ಮಾತ್ರ ಎಂದಿನಂತೆ ನಡೆಯುತ್ತಿತ್ತು. ಭಾಷೆಯನ್ನು ನೋಡಿ ನಿರ್ಧರಿಸುವ ಚುಕ್ಕಿ ಮತ್ತು ಬಟನ್ ಎರಡೂ ಮುಷ್ಕರ ಹೂಡಿದ್ದವು.

ಫೋಲ್ಡರಿನ ಹೆಸರು ಬದಲಿಸಿದರೆ ಅವರ ತೊಂದರೆ ಅಲ್ಲಿಗೆ ಮುಗಿಯುತ್ತಿತ್ತು. ಫೈಲಿನ ಭಾಷೆಯನ್ನು ಕೈಯಾರೆ ಪೈಥಾನ್ ಎಂದು ಬದಲಿಸುವುದೂ ಸಾಧ್ಯವಿತ್ತು, ಆದರೆ ಪ್ರತಿ ಫೈಲಿಗೂ ಹಾಗೆ ಮಾಡುತ್ತ ಕೂರುವುದು ಬದುಕಲ್ಲ. ನನಗೆ ಮುಖ್ಯವೆನಿಸಿದ್ದು ಬೇರೆ: ಒಬ್ಬರು ತಮ್ಮ ಸ್ವಂತ ಡಿಸ್ಕಿನಲ್ಲಿ ಫೋಲ್ಡರಿಗೆ ಯಾವ ಹೆಸರಿಡಬೇಕೆಂಬುದು ಪ್ರಾಜೆಕ್ಟಿಗೆ ಸಂಬಂಧಪಡದ ವಿಷಯ. ಎಲ್ಲರೂ ಹಂಚಿಕೊಳ್ಳುವ ಸೆಟ್ಟಿಂಗ್ ತನ್ನ ಮನೆಯ ಗಡಿಯೊಳಗೇ ಇರಬೇಕು. ಆದ್ದರಿಂದ ಪ್ಯಾಟರ್ನನ್ನು ಬಿಗಿಗೊಳಿಸಿ, ಮೇಲ್ ಫೋಲ್ಡರಿನೊಳಗಿನ ಟೆಂಪ್ಲೇಟ್ಸ್ ಫೋಲ್ಡರಿನ ಎಚ್‌ಟಿಎಂಎಲ್ ಫೈಲುಗಳಿಗೆ ಮಾತ್ರ ಅನ್ವಯಿಸುವಂತೆ ಬರೆದೆವು. ಸೇವ್ ಮಾಡುತ್ತಿದ್ದಂತೆಯೇ ಬಲ ಮೇಲ್ತುದಿಯಲ್ಲಿ ರನ್ ಬಟನ್ ಮೂಡಿತು. ಎಲ್ಲೆಡೆ ಬ್ರೇಕ್‌ಪಾಯಿಂಟ್ ಬಿಡುವ ಆಯ್ಕೆಯನ್ನು ಆಫ್ ಮಾಡಿದೆವು. ಚುಕ್ಕಿ ಆಗಲೂ ಮೂಡಿತು. ಬದಲಾವಣೆಯನ್ನು ಪರಿಶೀಲನೆಗೆ ಕಳಿಸುವಾಗ, ಪ್ಯಾಟರ್ನ್ ಪೂರ್ಣ ಪಾತ್‌ನೊಂದಿಗೆ ಹೋಲಿಕೆಯಾಗುತ್ತದೆಂಬ ವಿವರಣೆಯನ್ನು ಸಹೋದ್ಯೋಗಿ ತಮ್ಮದೇ ಮಾತುಗಳಲ್ಲಿ ಸೇರಿಸಿದರು.

ಅನಂತರ ವರದಿಯ ಕಡೆಗೆ ತಿರುಗಿದೆವು. ಪ್ರೋಗ್ರಾಂ ಸಾಲುಗಳನ್ನು ಐನೂರರ ಗುಂಪುಗಳಾಗಿ ಕೂಡಿಹಾಕಿ, ಗುಂಪು ತುಂಬಿದಾಗಲೊಮ್ಮೆ ಫೈಲಿಗೆ ಬರೆಯುತ್ತಿತ್ತು. ಮತ್ತೆ ಮತ್ತೆ ಓಡುವ ಆ ಭಾಗದೊಳಗೆ, ಅಂದರೆ ಲೂಪಿನೊಳಗೆ, ಸಾಮಾನ್ಯ ಬ್ರೇಕ್‌ಪಾಯಿಂಟ್ ಇಟ್ಟರೆ ಪ್ರತಿ ಸಾಲಿಗೂ ನಿಲ್ಲುತ್ತದೆ. ಹಾಗಾಗಿ ಎಡ ಅಂಚಿನಲ್ಲಿ ಬಲ ಕ್ಲಿಕ್ ಮಾಡಿ, ಗುಂಪಿನ ಉದ್ದ ಐನೂರಾದಾಗ ಮಾತ್ರ ನಿಲ್ಲುವಂತೆ ಷರತ್ತಿನ ಬ್ರೇಕ್‌ಪಾಯಿಂಟ್ ಇಡುವುದನ್ನು ತೋರಿಸಿದೆ. ಬರೆಯುವ ಕೆಲಸ ಅಲ್ಲಿ ಸರಿಯಾಗಿಯೇ ನಡೆಯುತ್ತಿತ್ತು. ಆಗ ಅವರೇ ಇನ್ನೊಂದು ಬ್ರೇಕ್‌ಪಾಯಿಂಟನ್ನು ಲೂಪಿನ ಹೊರಗೆ, ಫೈಲನ್ನು ಮುಚ್ಚುವ ಸಾಲಿನಲ್ಲಿಟ್ಟು ಎಫ್5 ಒತ್ತಿದರು. ಪ್ರೋಗ್ರಾಂ ಅಲ್ಲಿ ಬಂದು ನಿಂತಾಗ ವೇರಿಯಬಲ್‌ಗಳ ಫಲಕದಲ್ಲಿ ಗುಂಪು ಖಾಲಿಯಾಗಿರಲಿಲ್ಲ. ಐನೂರು ತುಂಬದ ಕೊನೆಯ ಸಾಲುಗಳೆಲ್ಲ ಬರೆಯಿಸಿಕೊಳ್ಳದೆ ಅದರಲ್ಲೇ ಉಳಿದಿದ್ದವು. ದಿನದ ಒಟ್ಟು ಸಾಲುಗಳು ಐನೂರರಿಂದ ಭಾಗವಾಗುವ ದಿನ ಮಾತ್ರ ವರದಿ ಪೂರ್ಣವಾಗುತ್ತಿದ್ದುದು ಅದಕ್ಕೇ. "ಇಲ್ಲೇ ಇದೆ ಸರ್" ಎಂದವರು, ಮುಚ್ಚುವ ಸಾಲಿನ ಮೇಲೆ ಉಳಿದ ಗುಂಪನ್ನು ಬರೆಯುವ ಎರಡು ಸಾಲು ಸೇರಿಸಿ, ರೀಸ್ಟಾರ್ಟ್ ಬಟನ್ ಒತ್ತಿದರು.