ಕಂಪನಿಯ ಹ್ಯಾಂಡ್ಲಿಂಗ್ ಪ್ಯಾಕೇಜೋ, ಹೊರಗಿನ ಬಿಡಿಭಾಗಗಳೋ?

ಸ್ಪೋರ್ಟ್ಸ್ ಕಾರಿನ ಆಯ್ಕೆಪಟ್ಟಿಯಲ್ಲಿ, ಬ್ರೇಕ್, ಸಸ್ಪೆನ್ಷನ್ ಮುಂತಾದವನ್ನು ಸುಧಾರಿಸಿ ಕೊಡುವ ಹ್ಯಾಂಡ್ಲಿಂಗ್ ಪ್ಯಾಕೇಜ್ ಎಂಬ ಸಾಲನ್ನೂ ಅದರ ಎದುರಿನ ಬೆಲೆಯನ್ನೂ ನೋಡಿದ ಕೂಡಲೇ, ಅಷ್ಟೇ ಹಣಕ್ಕೆ ಹೊರಗೆ ಇದಕ್ಕಿಂತ ಉತ್ತಮವಾದ ಡ್ಯಾಂಪರುಗಳನ್ನು (ಸ್ಪ್ರಿಂಗಿನ ಕುಣಿತವನ್ನು ಅಡಗಿಸುವ ಶಾಕ್ ಅಬ್ಸಾರ್ಬರುಗಳನ್ನು) ಹಾಕಿಸಬಹುದಲ್ಲ ಎಂಬ ಲೆಕ್ಕಾಚಾರ ಕೊಳ್ಳುವವರ ಮನಸ್ಸಿನಲ್ಲಿ ಆರಂಭವಾಗುತ್ತದೆ. ಡ್ಯಾಂಪರನ್ನು ಡ್ಯಾಂಪರಿನೊಂದಿಗೆ ಮಾತ್ರ ಹೋಲಿಸುವುದಾದರೆ ಈ ಲೆಕ್ಕ ಬಹುಮಟ್ಟಿಗೆ ಸರಿಯೇ. ಆದರೆ ಕಂಪನಿಯ ಪ್ಯಾಕೇಜಿನ ಬೆಲೆಯಲ್ಲಿ ಹೆಚ್ಚಿನ ಪಾಲು ಆಮೇಲೆ ಬದಲಿಸಲು ಕಷ್ಟವಾದ ಭಾಗಗಳಿಗೂ ಅವೆಲ್ಲವನ್ನೂ ಪರಸ್ಪರ ಹೊಂದಿಸಿದ ಕೆಲಸಕ್ಕೂ ಸಲ್ಲುತ್ತದೆ. ಆದ್ದರಿಂದ ಕಳಚಿ ಹಾಕಲು ಕಷ್ಟವಾದುದನ್ನು ಕಂಪನಿಯಿಂದಲೇ ಪಡೆಯಬೇಕು, ಸವೆಯುವಂಥದ್ದನ್ನು ಹೊರಗೆ ಕೊಳ್ಳಬೇಕು ಎಂಬುದು ನನ್ನ ನಿಲುವು.

2015ರ ಫೋರ್ಡ್ ಮಸ್ಟ್ಯಾಂಗ್ ಜಿಟಿಯ ಪರ್ಫಾರ್ಮೆನ್ಸ್ ಪ್ಯಾಕೇಜನ್ನು ನೋಡಿ. ಮುಂದಿನ ಚಕ್ರಗಳಿಗೆ ಆರು ಪಿಸ್ಟನ್‌ಗಳ ಬ್ರೆಂಬೊ ಕ್ಯಾಲಿಪರ್ (ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ), 380 ಮಿಲಿಮೀಟರ್ ಡಿಸ್ಕ್, ಗಡುಸಾದ ಸ್ಪ್ರಿಂಗ್, ಹಿಂದೆ, ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವ ದಪ್ಪನೆಯ ಆಂಟಿ-ರೋಲ್ ಬಾರ್, ಹಿಡಿತವಿರುವ ಚಕ್ರಕ್ಕೆ ಹೆಚ್ಚು ಬಲ ಕಳಿಸುವ ಟಾರ್ಸನ್ ಡಿಫರೆನ್ಷಿಯಲ್ ಇವೆಲ್ಲ ಎದ್ದು ಕಾಣುವ ಅಂಶಗಳು. ಪಟ್ಟಿಯ ಕೆಳಗೆ ದೊಡ್ಡ ರೇಡಿಯೇಟರ್ ಇದೆ. ಎಬಿಎಸ್, ಜಾರುವ ಕಾರನ್ನು ಹತೋಟಿಗೆ ತರುವ ಸ್ಟೆಬಿಲಿಟಿ ಕಂಟ್ರೋಲ್ ಮತ್ತು ಎಲೆಕ್ಟ್ರಿಕ್ ಸ್ಟಿಯರಿಂಗ್‌ಗಳ ಪ್ರತ್ಯೇಕ ಹೊಂದಾಣಿಕೆಯೂ ಇದೆ. ಕ್ಯಾಲಿಪರನ್ನು ಯಾರು ಬೇಕಾದರೂ ಹೊರಗೆ ಹಾಕಿಸಿಕೊಳ್ಳಬಹುದು. ಆ ಕ್ಯಾಲಿಪರಿಗೆ ತಕ್ಕಂತೆ ಎಬಿಎಸ್ ಕಂಪ್ಯೂಟರಿನ ಲೆಕ್ಕವನ್ನು ತಿದ್ದಿಕೊಡುವವರು ಮಾತ್ರ ಹೊರಗೆ ಸುಲಭವಾಗಿ ಸಿಗುವುದಿಲ್ಲ.

ಷೆವ್ರೊಲೆ ಕಮಾರೊದ 1ಎಲ್ಇ ಪ್ಯಾಕೇಜಿನ ಇತಿಹಾಸ ಇನ್ನೂ ಸ್ವಾರಸ್ಯಕರವಾದುದು. 1980ರ ದಶಕದ ಕೊನೆಯಲ್ಲಿ, ಷೋರೂಮಿನಿಂದ ಬಂದ ಸ್ಥಿತಿಯಲ್ಲೇ ಓಡಿಸಬೇಕಾದ ರೇಸ್‌ಗಳಲ್ಲಿ ಆ ಕಾರಿನ ಬ್ರೇಕ್‌ಗಳು ಕಾದು ಸೋಲುತ್ತಿದ್ದವು, ದೀರ್ಘ ತಿರುವುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಒಂದು ಬದಿಗೆ ಸರಿದು ಎಂಜಿನ್ನಿಗೆ ಇಂಧನ ಸಿಗದಂತಾಗುತ್ತಿತ್ತು. ಅದಕ್ಕೆ ಉತ್ತರವಾಗಿ ಬಂದ 1ಎಲ್ಇಯಲ್ಲಿ ದೊಡ್ಡ ಬ್ರೇಕ್‌ಗಳ ಜೊತೆಗೆ ಒಳಗೆ ತಡೆಗೋಡೆಗಳಿರುವ ಇಂಧನ ಟ್ಯಾಂಕನ್ನೂ ಕೊಟ್ಟರು. ಬಿಡಿಭಾಗಗಳ ಅಂಗಡಿಯಲ್ಲಿ ನಿಂತು ತನಗೆ ಬೇಕಾದುದನ್ನು ಪಟ್ಟಿ ಮಾಡುವ ಯಾವ ಉತ್ಸಾಹಿಗೂ ಟ್ಯಾಂಕಿನ ಒಳಗಿನ ತಡೆಗೋಡೆ ಹೊಳೆಯುವುದಿಲ್ಲ. ಗಂಟೆಗಟ್ಟಲೆ ಟ್ರ್ಯಾಕಿನಲ್ಲಿ ಓಡಿಸಿ, ಯಾವುದು ಮೊದಲು ಸೋಲುತ್ತದೆ ಎಂದು ನೋಡಿದವರಿಗೆ ಮಾತ್ರ ಅದು ಗೊತ್ತಾಗುತ್ತದೆ.

ಮೇಲೆ ಹೇಳಿದ ಟಾರ್ಸನ್‌ನಂಥ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಕೂಡ ಆಮೇಲೆ ಬದಲಿಸಲು ಕಷ್ಟವಾದ ಭಾಗಗಳ ಗುಂಪಿಗೇ ಸೇರಿದ್ದು. ಅಮೆರಿಕದ ಮಾರುಕಟ್ಟೆಯಲ್ಲಿ ಮಜ್ದಾ ಎಂಎಕ್ಸ್-5ರ ಕ್ಲಬ್ ಮಾದರಿಯು ಮ್ಯಾನುಯಲ್ ಗೇರಿನೊಂದಿಗೆ ಬಿಲ್‌ಸ್ಟೈನ್ ಡ್ಯಾಂಪರುಗಳನ್ನೂ ಈ ಡಿಫರೆನ್ಷಿಯಲ್ಲನ್ನೂ ಒಟ್ಟಿಗೆ ಪಡೆದಿತ್ತು. ಡ್ಯಾಂಪರುಗಳನ್ನು ಯಾವಾಗ ಬೇಕಾದರೂ ಒಂದು ದಿನದ ಕೆಲಸದಲ್ಲಿ ಬದಲಿಸಬಹುದು. ಡಿಫರೆನ್ಷಿಯಲ್ ಬದಲಿಸಬೇಕಾದರೆ ಹಿಂದಿನ ಆಕ್ಸಲ್‌ಗಳನ್ನು ಕಳಚಿ, ಹೌಸಿಂಗ್ ಬಿಚ್ಚಿ, ಕ್ರೌನ್ ಮತ್ತು ಪಿನಿಯನ್ ಗೇರುಗಳ ನಡುವಿನ ಸಡಿಲವನ್ನು ಮತ್ತೆ ಕೂದಲೆಳೆಯ ನಿಖರತೆಯಲ್ಲಿ ಹೊಂದಿಸಬೇಕು, ಮತ್ತು ಆ ಹೊಂದಾಣಿಕೆ ತಪ್ಪಿದರೆ ಕಾರು ಓಡುವಷ್ಟು ಹೊತ್ತೂ ಹಿಂದಿನಿಂದ ಊಳಿಡುವ ಸದ್ದು ಬರುತ್ತಿರುತ್ತದೆ.

ಇನ್ನು ಹೊರಗೆ ಕೊಳ್ಳುವವರು ಮೊದಲು ಕೈಹಾಕುವುದು ಕಾರನ್ನು ತಗ್ಗಿಸುವ ಸ್ಪ್ರಿಂಗುಗಳಿಗೆ. ಅಗ್ಗವಾದ್ದರಿಂದಲೂ ನೋಟ ಕೂಡಲೇ ಬದಲಾಗುವುದರಿಂದಲೂ ಅವು ಜನಪ್ರಿಯವಾಗಿವೆ. ಆದರೆ ಸ್ಪ್ರಿಂಗನ್ನು ಮಾತ್ರ ಬದಲಿಸುವುದು ಇಡೀ ವಿಷಯದಲ್ಲೇ ಅತ್ಯಂತ ದುರ್ಬಲವಾದ ಆಯ್ಕೆ ಎಂದು ನಾನು ತಿಳಿದಿದ್ದೇನೆ. ಕಾರು ತಗ್ಗಿದಾಗ ಗುರುತ್ವಕೇಂದ್ರ ಕೆಳಗಿಳಿಯುತ್ತದೆ, ನಿಜ. ಆದರೆ ಟೊಯೋಟಾ ಜಿಆರ್86ರ ಹಾಗೆ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಂದೇ ಕಂಬವಾಗಿರುವ ವ್ಯವಸ್ಥೆ) ಇರುವ ಕಾರುಗಳಲ್ಲಿ, ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಕೆಳಗಿನ ಆರ್ಮ್ ಚಕ್ರದ ಕಡೆಗೆ ಮೇಲೇರುವಂತೆ ಓರೆಯಾಗುವುದರಿಂದ ಕಾರಿನ ಮೈ ಯಾವುದರ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್ ಎಂಬ ಬಿಂದು ಗುರುತ್ವಕೇಂದ್ರಕ್ಕಿಂತಲೂ ಬೇಗನೆ ಕೆಳಗಿಳಿಯುತ್ತದೆ. ಅವೆರಡರ ನಡುವಿನ ಅಂತರವೇ ತಿರುವಿನಲ್ಲಿ ಕಾರಿನ ಮೈಯನ್ನು ವಾಲಿಸುವ ಸನ್ನೆಯಾದ್ದರಿಂದ, ಹೊಸ ಸ್ಪ್ರಿಂಗ್ ತಂದ ಗಡುಸುತನದಲ್ಲಿ ಒಂದು ಪಾಲು ಈ ಹೆಚ್ಚಿದ ಸನ್ನೆಯನ್ನು ಎದುರಿಸುವುದಕ್ಕೇ ಖರ್ಚಾಗಿಬಿಡುತ್ತದೆ. ಸ್ಟಿಯರಿಂಗಿನ ತಿರುವನ್ನು ಚಕ್ರಕ್ಕೆ ತಲುಪಿಸುವ ಟೈ ರಾಡ್ ಕೂಡ ತನ್ನ ಮೂಲ ಕೋನವನ್ನು ಕಳೆದುಕೊಳ್ಳುವುದರಿಂದ ಉಬ್ಬುಗಳ ಮೇಲೆ ಚಕ್ರ ತಾನಾಗಿಯೇ ಅತ್ತಿತ್ತ ತಿರುಗತೊಡಗುತ್ತದೆ. ಡ್ಯಾಂಪರಿನ ಚಲನೆಗೆ ಉಳಿದ ಜಾಗವೂ ಕಡಿಮೆಯಾಗುತ್ತದೆ. ತಿರುವಿನ ನಡುವೆ ಅದು ಚಲನೆಯ ಕೊನೆಯಲ್ಲಿ ತಡೆಯಲೆಂದು ಇಟ್ಟ ಬಂಪ್ ಸ್ಟಾಪಿಗೆ ತಾಗಿದ ಕ್ಷಣ ಆ ಚಕ್ರದ ಗಡುಸುತನ ಥಟ್ಟನೆ ಏರಿ, ಟೈರು ಹಿಡಿತ ಬಿಡುತ್ತದೆ.

ಡ್ಯಾಂಪರಿನ ಲೆಕ್ಕವೂ ಇದರೊಂದಿಗೆ ಬೆಸೆದುಕೊಂಡಿದೆ. ಸ್ಪ್ರಿಂಗಿನ ಗಡುಸುತನ ಶೇಕಡಾ 40ರಷ್ಟು ಹೆಚ್ಚಿದರೆ, ಮೊದಲಿನಷ್ಟೇ ಹದವಾಗಿ ಅದರ ಕುಣಿತವನ್ನು ಅಡಗಿಸಲು ಡ್ಯಾಂಪಿಂಗ್ ಸುಮಾರು ಶೇಕಡಾ 18ರಷ್ಟು ಹೆಚ್ಚಬೇಕು. ಬಿಲ್‌ಸ್ಟೈನ್ ಕಂಪನಿ ಮೂಲ ಎತ್ತರದ ಕಾರಿಗೆ ಬಿ6 ಎಂದೂ ತಗ್ಗಿಸಿದ ಕಾರಿಗೆ ಗಿಡ್ಡನೆಯ ಬಿ8 ಎಂದೂ ಬೇರೆ ಬೇರೆ ಡ್ಯಾಂಪರುಗಳನ್ನು ಮಾರುವುದಕ್ಕೆ ಕಾರಣವಿದೆ. ಹೊರಗೆ ಕೊಳ್ಳುವುದೇ ಆದರೆ ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಟ್ಟಿಗೆ ವಿನ್ಯಾಸಗೊಂಡ ಕೆಡಬ್ಲ್ಯೂ ವೇರಿಯಂಟ್ 3 ಅಥವಾ ಓಲಿನ್ಸ್ ರೋಡ್ ಆ್ಯಂಡ್ ಟ್ರ್ಯಾಕ್‌ನಂಥ ಜೋಡಿಯನ್ನೇ ಕೊಳ್ಳಬೇಕು. ವೇರಿಯಂಟ್ 3ರಲ್ಲಿ ಅದುಮುವಾಗಿನ ಮತ್ತು ಹಿಗ್ಗುವಾಗಿನ ಡ್ಯಾಂಪಿಂಗನ್ನು ಪ್ರತ್ಯೇಕವಾಗಿ ಹೊಂದಿಸಬಹುದು. ಈ ಸ್ವಾತಂತ್ರ್ಯ ತಿಳಿದವರ ಕೈಯಲ್ಲಿ ವರ. ಉಳಿದವರು ಕಂಪನಿ ಹೇಳಿದ ಮೂಲ ಸ್ಥಾನದಲ್ಲೇ ಬಿಟ್ಟರೆ ಕಾರಿಗೂ ಕ್ಷೇಮ, ಅವರಿಗೂ ಕ್ಷೇಮ.

ಆಂಟಿ-ರೋಲ್ ಬಾರಿನ ವಿಷಯದಲ್ಲಿ ಎಚ್ಚರ ಬೇಕಾದುದು ಅದರ ಗಣಿತಕ್ಕೆ. ಒಂದೇ ಆಕಾರದ ಘನ ಸರಳಿನ ತಿರುಚು ಗಡುಸುತನ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುವುದರಿಂದ, 22 ಮಿಲಿಮೀಟರಿನ ಬದಲು 25 ಮಿಲಿಮೀಟರಿನ ಬಾರ್ ಹಾಕಿದರೆ ಗಡುಸುತನ ಮೂರನೆಯ ಎರಡು ಪಾಲಿನಷ್ಟು ಹೆಚ್ಚುತ್ತದೆ. ಹಿಂದೆ ಮಾತ್ರ ಇಷ್ಟು ಏರಿಸಿದರೆ ಕಾರು ಚುರುಕಾಗಿ ತಿರುಗುವುದೇನೋ ಹೌದು, ಆದರೆ ಒದ್ದೆ ರಸ್ತೆಯಲ್ಲಿ ಹಿಂಭಾಗ ಮೊದಲು ಜಾರುವ ಸ್ವಭಾವವನ್ನೂ ನಾವೇ ಬರಮಾಡಿಕೊಂಡಂತಾಗುತ್ತದೆ.

ಕಂಪನಿಯ ಪ್ಯಾಕೇಜುಗಳೂ ದೋಷರಹಿತವಲ್ಲ. ಮಳೆಯಲ್ಲಿ, ಅನುಭವವಿಲ್ಲದ ಚಾಲಕನ ಕೈಯಲ್ಲಿ, ಸವೆದ ಟೈರಿನಲ್ಲಿಯೂ ಕಾರು ಸುರಕ್ಷಿತವಾಗಿರಬೇಕೆಂಬ ಹೊಣೆ ತಯಾರಕರ ಮೇಲಿರುವುದರಿಂದ, ಮುಂದಿನ ಚಕ್ರಗಳೇ ಮೊದಲು ಹಿಡಿತ ಕಳೆದುಕೊಳ್ಳುವಂತೆ ಅವರು ಹೊಂದಿಸುತ್ತಾರೆ. ಚಕ್ರದ ಮೇಲ್ಭಾಗವನ್ನು ಒಳಕ್ಕೆ ವಾಲಿಸುವ ನೆಗೆಟಿವ್ ಕ್ಯಾಂಬರನ್ನೂ ಟೈರಿನ ಆಯಸ್ಸಿನ ದೃಷ್ಟಿಯಿಂದ ಹಿಡಿದಿಟ್ಟೇ ಕೊಡುತ್ತಾರೆ. ಟ್ರ್ಯಾಕಿಗೆ ಹೋಗುವವರಿಗೆ ಎರಡರಿಂದ ಮೂರು ಡಿಗ್ರಿ ಬೇಕೆನಿಸಿದರೆ ಈ ಕೋನವನ್ನು ಹೊಂದಿಸಲು ಬಿಡುವ ಹೊರಗಿನ ಕ್ಯಾಂಬರ್ ಪ್ಲೇಟುಗಳೇ ಗತಿ. ಹಾಗೆಯೇ ಎಲೆಕ್ಟ್ರಾನಿಕ್ ಡ್ಯಾಂಪರುಗಳು ವಾರಂಟಿ ಮುಗಿದ ಮೇಲೆ ದುಬಾರಿಯಾಗುತ್ತವೆ. ಕಬ್ಬಿಣದ ಸೂಕ್ಷ್ಮ ಕಣಗಳಿರುವ ಎಣ್ಣೆಯನ್ನು ಕಾಂತಕ್ಷೇತ್ರದಿಂದ ಮಿಲಿಸೆಕೆಂಡುಗಳಲ್ಲಿ ಗಟ್ಟಿಗೊಳಿಸುವ ಮ್ಯಾಗ್ನೆಟಿಕ್ ಡ್ಯಾಂಪರ್ 2002ರ ಕ್ಯಾಡಿಲ್ಯಾಕ್ ಸೆವಿಲ್ ಎಸ್‌ಟಿಎಸ್‌ನಲ್ಲಿ ಮೊದಲು ಬಂದಿತು, ಮತ್ತು ನಯವಾದ ರಸ್ತೆಗೂ ಟ್ರ್ಯಾಕಿಗೂ ಒಂದೇ ಕಾರನ್ನು ಬಳಸುವವರಿಗೆ ಅದಕ್ಕೆ ಸಮನಾದುದು ಹೊರಗೆ ಸುಲಭವಾಗಿ ಸಿಗುವುದಿಲ್ಲ. ಆದರೆ ಅದನ್ನು ತೆಗೆದು ಸಾಮಾನ್ಯ ಡ್ಯಾಂಪರ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಉರಿಯುತ್ತದೆ. ಅದನ್ನು ಸುಮ್ಮನಾಗಿಸಲು ಇನ್ನೊಂದು ಸಾಧನವನ್ನು ಕೊಳ್ಳಬೇಕಾಗುತ್ತದೆ.

ಕಾನೂನು ಮತ್ತು ವಾರಂಟಿಯ ಮಾತು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯಿದೆಯ ಕಾರಣ, ಹೊರಗಿನ ಭಾಗವಿದೆ ಎಂಬ ಒಂದೇ ನೆಪದಿಂದ ಇಡೀ ಕಾರಿನ ವಾರಂಟಿಯನ್ನು ತಯಾರಕರು ನಿರಾಕರಿಸುವಂತಿಲ್ಲ, ಆದರೆ ಆ ಭಾಗದಿಂದಲೇ ಆದ ಹಾನಿಗೆ ಅವರು ಹೊಣೆಯಲ್ಲ. ಜರ್ಮನಿಯಲ್ಲಿ ಅನುಮೋದನೆಯ ದಾಖಲೆಯಿಲ್ಲದ ಸಸ್ಪೆನ್ಷನ್ ಹಾಕಿದ ಕಾರು ರಸ್ತೆಗಿಳಿಯುವ ಹಕ್ಕನ್ನೇ ಕಳೆದುಕೊಳ್ಳಬಹುದು. ಎಲ್ಲೇ ಇರಲಿ, ವಿಮಾ ಕಂಪನಿಗೆ ಬದಲಾವಣೆಯನ್ನು ಬರಹದಲ್ಲಿ ತಿಳಿಸುವುದು ಒಳ್ಳೆಯದು.

ಪ್ಯಾಕೇಜ್ ಇರುವ ಕಾರನ್ನೇ ಕೊಂಡವರಿಗೆ ಹೊರಗಿನ ಖರ್ಚಿನಲ್ಲಿ ನಾನು ಹೇಳುವ ಕ್ರಮ ಇಷ್ಟೇ: ಮೊದಲು ಟೈರು, ಅದರ ಹಿಂದೆಯೇ ಹೆಚ್ಚು ಕುದಿಬಿಂದುವಿನ ಬ್ರೇಕ್ ಆಯಿಲ್ ಮತ್ತು ಪ್ಯಾಡ್, ನಂತರ ತಿಳಿದವರ ಕೈಯಲ್ಲಿ ಅಲೈನ್‌ಮೆಂಟ್. ಈ ನಾಲ್ಕರಿಂದ ಸಿಗುವ ಸುಧಾರಣೆಯನ್ನು ಒಂದು ಋತು ಅನುಭವಿಸಿದ ಮೇಲೆ ಡ್ಯಾಂಪರಿನ ಆಸೆ ಅನೇಕರಲ್ಲಿ ತಾನಾಗಿಯೇ ತಣ್ಣಗಾಗುವುದನ್ನು ಕಂಡಿದ್ದೇನೆ. ಕಂಪನಿಯ ಡ್ಯಾಂಪರುಗಳು ಸವೆದು, ಹೇಗೂ ಬದಲಿಸಲೇಬೇಕಾದ ಕಾಲ ಬಂದಾಗ ಹೊರಗಿನ ಉತ್ತಮ ಜೋಡಿಯನ್ನು ಹಾಕಿಸಿದರೆ ಕೂಲಿಯ ಹಣ ಎರಡು ಬಾರಿ ತೆರಬೇಕಾಗಿಲ್ಲ. ಆಗ ಡ್ಯಾಂಪರನ್ನು ಕಾರಿನ ಮೈಗೆ ಹಿಡಿದಿಡುವ ಮೇಲಿನ ಮೌಂಟ್‌ಗಳನ್ನೂ ಬಂಪ್ ಸ್ಟಾಪುಗಳನ್ನೂ ಹೊಸದಾಗಿಯೇ ಹಾಕಿಸಿ, ಮತ್ತು ಆರ್ಮ್‌ಗಳ ಕೀಲಿನಲ್ಲಿರುವ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ಮೇಲೆಯೇ ಕೊನೆಯ ಬಾರಿ ಬಿಗಿಯಲು ಮೆಕ್ಯಾನಿಕ್‌ಗೆ ಹೇಳಿ. ಲಿಫ್ಟಿನ ಮೇಲೆ ಚಕ್ರಗಳು ನೇತಾಡುತ್ತಿರುವಾಗಲೇ ಬಿಗಿದರೆ ಕಾರು ಇಳಿದ ಕೂಡಲೇ ಆ ರಬ್ಬರ್ ತಿರುಚಿಕೊಂಡು, ಕೆಲವೇ ತಿಂಗಳುಗಳಲ್ಲಿ ಹರಿಯತೊಡಗುತ್ತದೆ.